ಬಿ.ಜಿ.ಎಲ್. ಸ್ವಾಮಿ: ವಿಜ್ಞಾನಕ್ಕೆ ಕಥೆಯ ಮಾತು ಕೊಟ್ಟ ಮೇಷ್ಟ್ರು

ಶಾಲೆಗೆ ಐವತ್ತು ವರ್ಷ ತುಂಬುತ್ತಿದೆ, ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನಾನು ಹಿಂಜರಿದೆ. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಕೋಡ್ ಬರೆಯುವವನಿಗೆ ಕನ್ನಡದಲ್ಲಿ ಎರಡು ಪುಟ ಬರೆಯುವುದು ಸುಲಭವಲ್ಲ. ಆದರೂ ಒಪ್ಪಿಕೊಂಡೆ. ನಮ್ಮ ಶಾಲೆ ಎಂದೊಡನೆ ನನಗೆ ನೆನಪಾಗುವ ಒಬ್ಬ ದೊಡ್ಡವರಿದ್ದಾರೆ. ಅವರು ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅವರ ಪರಿಚಯವಾದದ್ದು ಮಾತ್ರ ಇದೇ ಶಾಲೆಯಲ್ಲಿ. ಅವರೇ ಬಿ.ಜಿ.ಎಲ್. ಸ್ವಾಮಿ.

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಅಪ್ಪ ಸಾಲ ಮಾಡಿ ಒಂದೂವರೆ ಎಕರೆಗೆ ಆಲೂಗಡ್ಡೆ ಹಾಕಿದ್ದರು. ಅರಕಲಗೂಡು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗಡ್ಡೆ, ಗೊಬ್ಬರ, ಆಳು ಎಲ್ಲಕ್ಕೂ ಕೈಯಿಂದ ದುಡ್ಡು ಹಾಕಬೇಕು. ಗಿಡ ಚೆನ್ನಾಗಿಯೇ ಎದ್ದಿತು. ಆಮೇಲೆ ಜಡಿಮಳೆ ಹಿಡಿಯಿತು. ಒಂದು ವಾರದೊಳಗೆ ಎಲೆಗಳೆಲ್ಲ ಬೆಂಕಿ ತಗುಲಿದಂತೆ ಕಪ್ಪಾಗಿ ಹೊಲವೇ ನಾರತೊಡಗಿತು. ಅಂಗಮಾರಿ ರೋಗ. ಆ ವರ್ಷ ನನ್ನನ್ನು ಮುಂದೆ ಓದಿಸುವುದೋ ಬೇಡವೋ ಎಂಬ ಮಾತು ಮನೆಯಲ್ಲಿ ಬಂದಿತ್ತು.

ನಾನು ತರಗತಿಯಲ್ಲಿ ಮಂಕಾಗಿ ಕೂತದ್ದನ್ನು ಕಂಡು ವಿಜ್ಞಾನದ ಮೇಷ್ಟ್ರು ವಿಷಯ ಕೇಳಿದರು. ಮರುದಿನ ರೋಗ ಬಿದ್ದ ಎಲೆಯೊಂದನ್ನು ತರಲು ಹೇಳಿದರು. ಭೂತಗನ್ನಡಿಯಲ್ಲಿ ಎಲೆಯ ಅಡಿಭಾಗದ ಬಿಳಿ ಬೂಷ್ಟನ್ನು ಎಲ್ಲರಿಗೂ ತೋರಿಸಿದರು. ಇದೇ ರೋಗ 1845ರಲ್ಲಿ ಐರ್ಲೆಂಡ್ ದೇಶದ ಆಲೂಗಡ್ಡೆಯನ್ನು ಹಾಳುಮಾಡಿದ್ದನ್ನು, ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತದ್ದನ್ನು ಹೇಳಿದರು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕ ಎಂದು ನಾನು ಕೇಳಿದ್ದು ಅವತ್ತೇ. ಸಂಜೆ ಅವರು ಲೈಬ್ರರಿಯ ಬೀರು ತೆಗೆದು ಒಂದು ಪುಸ್ತಕ ಕೊಟ್ಟರು. ಅದು ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ದೂರದ ಆ ಖಂಡದಿಂದ ಹೊರಟು ನಮ್ಮ ಅಡುಗೆಮನೆಗೆ ಬಂದು ಸೇರಿದ ಗಿಡಗಳ ಪುಸ್ತಕ. ಓದಿ ಮುಗಿಸಿದಾಗ ಅಪ್ಪನ ಸಾಲವೇನೂ ತೀರಿರಲಿಲ್ಲ. ಆದರೆ ನಮಗೆ ಬಂದದ್ದು ಹಣೆಬರಹವಲ್ಲ, ಅದಕ್ಕೊಂದು ಕಾರಣವಿದೆ, ಆ ಕಾರಣವನ್ನು ಕನ್ನಡದಲ್ಲೇ ತಿಳಿಯಬಹುದು ಎಂಬ ಧೈರ್ಯ ಬಂತು. ಆ ಧೈರ್ಯ ಕೊಟ್ಟವರ ಜೀವನವನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ‘ಮಂಕುತಿಮ್ಮನ ಕಗ್ಗ’ದ ಡಿ.ವಿ. ಗುಂಡಪ್ಪನವರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಸ್ವಾಮಿ ಬೆಳೆದದ್ದು ಪುಸ್ತಕ, ಪತ್ರಿಕೆ, ವಿದ್ವಾಂಸರ ನಡುವೆ. ಅಂಥ ಮನೆಯ ಮಗ ಸಾಹಿತ್ಯವನ್ನೇ ಹಿಡಿಯಬಹುದಿತ್ತು. ಆದರೆ ಅವರು ಆರಿಸಿಕೊಂಡದ್ದು ಸಸ್ಯಶಾಸ್ತ್ರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮುಂದೆ ಮನೆಯಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡು ಸಂಶೋಧನೆಗೆ ಕುಳಿತರು.

ಅವರು ಮೊದಲು ಕೈಹಾಕಿದ್ದು ಆರ್ಕಿಡ್ ಗಿಡಗಳಿಗೆ. ಮಲೆನಾಡಿನ ಮರಗಳ ಮೇಲೆ ಬೆಳೆಯುವ ಸೀತಾಳೆ ದಂಡೆ ಈ ಜಾತಿಯದು. ಇದರ ಬೀಜ ಧೂಳಿನಷ್ಟು ಸಣ್ಣದು. ಮೊಳೆಯಲು ಬೇಕಾದ ಆಹಾರದ ಗಂಟು ಅದರಲ್ಲಿ ಇರುವುದಿಲ್ಲ. ಅಂಥ ಬೀಜದೊಳಗೆ ಭ್ರೂಣ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಅವರು ಪದರ ಪದರವಾಗಿ ಕತ್ತರಿಸಿ, ನೋಡಿ, ಚಿತ್ರ ಬರೆದು ದಾಖಲಿಸಿದರು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಬಂತು.

ಅಲ್ಲಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಇರ್ವಿಂಗ್ ಬೈಲಿ ಎಂಬ ಹೆಸರಾಂತ ಪ್ರಾಧ್ಯಾಪಕರ ಜೊತೆ ಕೆಲಸ ಮಾಡಿದರು. ಅವರಿಬ್ಬರೂ ಸೇರಿ 1951ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಸಸ್ಯಶಾಸ್ತ್ರದಲ್ಲಿ ಇಂದಿಗೂ ಪ್ರಸಿದ್ಧ. ಅದರ ಸಾರವನ್ನು ನಮ್ಮ ಹೊಲದ ಭಾಷೆಯಲ್ಲಿ ಹೀಗೆ ಹೇಳಬಹುದು. ಒಂದು ಅವರೆಕಾಯಿಯನ್ನು ಹೊಲಿಗೆಯಂತಿರುವ ಅಂಚಿನಲ್ಲಿ ಬಿಡಿಸಿ ಅಗಲಿಸಿ. ನಡುವೆ ಮಡಿಸಿದ ಎಲೆಯಂತೆಯೇ ಕಾಣುತ್ತದೆ, ಅಂಚಿನಲ್ಲಿ ಕಾಳುಗಳು. ಹೂವಿನೊಳಗೆ ಬೀಜ ಕಟ್ಟುವ ಭಾಗ ಮೂಲದಲ್ಲಿ ಹೀಗೆ ಮಡಿಸಿದ ಎಲೆಯಂಥದ್ದು, ಅತಿ ಹಳೆಯ ಕಾಲದ ಗುಣ ಉಳಿಸಿಕೊಂಡ ಗಿಡಗಳಲ್ಲಿ ಅದರ ಅಂಚು ಇನ್ನೂ ಪೂರ್ತಿ ಕೂಡಿಕೊಂಡಿಲ್ಲ ಎಂದು ಅವರು ತೋರಿಸಿದರು.

ಸಾರ್ಕಾಂಡ್ರ ಎಂಬ ಗಿಡದ ಮೇಲೂ ಇಬ್ಬರೂ ಕೆಲಸ ಮಾಡಿದರು. ಹೂ ಬಿಡುವ ಬಹುತೇಕ ಗಿಡಗಳಲ್ಲಿ ನೀರು ಸಾಗಿಸುವ ಕೊಳವೆಗಳಿರುತ್ತವೆ, ಇದರಲ್ಲಿ ಅವಿಲ್ಲ ಎಂಬುದು ಅವರ ತೀರ್ಮಾನ. ಆ ಗಿಡದ ಒಂದು ಪ್ರಭೇದಕ್ಕೆ ಸ್ವಾಮಿ ತಮ್ಮ ಗುರುವಿನ ಹೆಸರನ್ನೇ ಇಟ್ಟರು. ಮುಂದೆ 1980ರ ದಶಕದಲ್ಲಿ ಬೇರೆ ವಿಜ್ಞಾನಿಗಳಿಗೆ ಅದರಲ್ಲೂ ಕೊಳವೆಗಳು ಕಂಡವು. ಇದರಿಂದ ಸ್ವಾಮಿಯವರು ಚಿಕ್ಕವರಾಗಲಿಲ್ಲ. ಒಬ್ಬರು ನಿಲ್ಲಿಸಿದ ಜಾಗದಿಂದ ಇನ್ನೊಬ್ಬರು ಮುಂದುವರಿಸಿ ತಿದ್ದುವುದೇ ವಿಜ್ಞಾನ.

ಭಾರತಕ್ಕೆ ಮರಳಿದ ಸ್ವಾಮಿ 1953ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು, ಮುಂದೆ ಪ್ರಾಂಶುಪಾಲರೂ ಆದರು. ಅವರ ಅಧ್ಯಾಪಕ ಜೀವನದ ಬಹುಭಾಗ ಕಳೆದದ್ದು ಅಲ್ಲೇ. ಸುತ್ತ ಕೇಳುವುದು ತಮಿಳು, ತರಗತಿಯಲ್ಲಿ ಇಂಗ್ಲಿಷ್, ಪ್ರಬಂಧಗಳು ವಿದೇಶದ ಪತ್ರಿಕೆಗಳಿಗೆ. ಕನ್ನಡದಲ್ಲಿ ಒಂದಕ್ಷರ ಬರೆಯದಿದ್ದರೂ ಅವರ ಕೀರ್ತಿಗೆ ಕುಂದಿರಲಿಲ್ಲ. ಆದರೂ ಬರೆದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಮಾಡಿದರು. ಅದರಲ್ಲಿ ಪಾಠವೂ ಇದೆ, ಹುಡುಗರ ತಂಟೆಯೂ ಇದೆ, ಹೊಟ್ಟೆ ಹುಣ್ಣಾಗುವಷ್ಟು ನಗುವೂ ಇದೆ. ನಗುತ್ತಾ ಓದಿ ಮುಗಿಸುವಷ್ಟರಲ್ಲಿ ಹತ್ತಾರು ಗಿಡಗಳ ಗುರುತು ಸಿಕ್ಕಿರುತ್ತದೆ. ಪುಸ್ತಕದ ಚಿತ್ರಗಳೂ ಅವರ ಕೈಯವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿವಿಜಿಯವರಿಗೆ ಅದೇ ಪ್ರಶಸ್ತಿ 1967ರಲ್ಲಿ ಬಂದಿತ್ತು.

ಸ್ವಾಮಿ ವಿಮರ್ಶಕರೂ ಹೌದು. ಮೊದಲು ಅವರು ಕೈಯಿಟ್ಟದ್ದು ತಾವೇ ಬದುಕಿದ ಕಾಲೇಜು ಲೋಕಕ್ಕೆ. ಅಲ್ಲಿನ ರಾಜಕೀಯ, ಸೋಗಲಾಡಿತನಗಳನ್ನು ‘ಕಾಲೇಜು ರಂಗ’ದಲ್ಲಿ ಬಯಲಿಗೆಳೆದರು. ಪುಟ್ಟಣ್ಣ ಕಣಗಾಲ್ ಅದನ್ನು 1976ರಲ್ಲಿ ಸಿನಿಮಾ ಮಾಡಿದರು. ಪ್ರಾಚೀನ ತಮಿಳು ಸಾಹಿತ್ಯದ ಕಾಲವನ್ನು ಶಾಸನ ಮತ್ತಿತರ ಆಧಾರಗಳ ಮೇಲೆ ಪರೀಕ್ಷಿಸಿ, ಜನ ನಂಬಿದ್ದಷ್ಟು ಹಳೆಯದಲ್ಲ ಎಂದು ವಾದಿಸಿದರು. ಮದ್ರಾಸಿನಲ್ಲೇ ಕೂತು ಹಾಗೆ ಹೇಳಲು ಎಂಟೆದೆ ಬೇಕು. ವಿರೋಧವೂ ಬಂತು. ಎಲ್ಲರೂ ಅವರ ವಾದ ಒಪ್ಪಬೇಕೆಂದಿಲ್ಲ. ಆದರೆ ಎಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಂತೆಯೇ ಪುಸ್ತಕವನ್ನೂ ಇಟ್ಟು ನೋಡಿದರು ಎಂಬುದು ನಿಜ. ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಪುಸ್ತಕದಲ್ಲಿ ಕಲ್ಲಿನ ಬರಹವನ್ನೂ ಗಿಡವನ್ನೂ ಒಟ್ಟಿಗೆ ಓದಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಂಥ ಶಾಸನಗಳ ಕಣಜವೇ ಇರುವ ನಮ್ಮ ಜಿಲ್ಲೆಯ ಮಕ್ಕಳು ಇಂಥ ಪುಸ್ತಕ ನೋಡಬೇಕು. ನಿವೃತ್ತಿಯ ನಂತರ ಸ್ವಾಮಿ ಮೈಸೂರಿಗೆ ಬಂದು ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮುಂದುವರಿಸಿದ್ದರು. 1980ರ ನವೆಂಬರ್ 2ರಂದು ತೀರಿಕೊಂಡರು. ಆಗ ಅವರಿಗೆ 62 ವರ್ಷ.

ನನ್ನ ಕಥೆಗೆ ಬಂದರೆ, ಅಪ್ಪ ಹೇಗೋ ಓದಿಸಿದರು. ಹೊಳೆನರಸೀಪುರದಲ್ಲಿ ಪಿಯುಸಿ, ಹಾಸನದಲ್ಲಿ ಬಿ.ಇ. ಕನ್ನಡ ಮಾಧ್ಯಮದಿಂದ ಹೋದವನಿಗೆ ಮೊದಲ ವರ್ಷ ಪಾಠ ತಲೆಗೆ ಹೋಗದೆ ಎರಡು ವಿಷಯ ಉಳಿದವು. ಅಂದು ನಾನು ಮಾಡಿದ್ದಿಷ್ಟೇ: ಪ್ರತಿ ಪಾಠವನ್ನೂ ರಾತ್ರಿ ಕನ್ನಡದಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕನ್ನಡದಲ್ಲಿ ಹೇಳಲು ಬಾರದಿದ್ದರೆ ನನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಇದು ಸ್ವಾಮಿಯವರ ಪುಸ್ತಕದಿಂದ ಕಲಿತದ್ದು.

ಆದರೆ ಕೆಲಸ ಸಿಕ್ಕಮೇಲೆ ಅದನ್ನು ಬಿಟ್ಟುಬಿಟ್ಟೆ. ತಿಂಗಳಿಗೊಮ್ಮೆ ಚನ್ನರಾಯಪಟ್ಟಣ, ಹೊಳೆನರಸೀಪುರದ ಮೇಲೆ ಬಸ್ಸಿನಲ್ಲಿ ಊರಿಗೆ ಬರುತ್ತೇನೆ. ಕಂಪ್ಯೂಟರಿನಲ್ಲಿ ನೀನು ಮಾಡುವುದಾದರೂ ಏನು ಎಂದು ಅಪ್ಪ ಎಷ್ಟೋ ಸಲ ಕೇಳಿದ್ದಾರೆ. ನಿಮಗೆ ಗೊತ್ತಾಗಲ್ಲ ಬಿಡಿ ಎಂದು ತಳ್ಳಿಹಾಕಿದ್ದೇನೆ. ಈ ಲೇಖನಕ್ಕಾಗಿ ಸ್ವಾಮಿಯವರನ್ನು ಮತ್ತೆ ಓದುವಾಗ ಆ ಮಾತಿಗೆ ನಾಚಿಕೆಯಾಯಿತು. ಹಾರ್ವರ್ಡಿನಲ್ಲಿ ಕೆಲಸ ಮಾಡಿದವರು ಅಡುಗೆಮನೆಯ ಮೆಣಸಿನಕಾಯಿಯಿಂದ ಮಾತು ಶುರು ಮಾಡಿದರು. ನಾನು ಅಪ್ಪನಿಗೆ ಹೇಳಲಾರದೆ ಹೋದೆ. ಕಳೆದ ಸಲ ಊರಿಗೆ ಹೋದಾಗ ಜಗಲಿಯಲ್ಲಿ ಕೂತು, ಮಂಡಿಯ ಲೆಕ್ಕದ ಪುಸ್ತಕದ ಉದಾಹರಣೆ ಇಟ್ಟುಕೊಂಡು ವಿವರಿಸಿದೆ. ಅಪ್ಪ ಪೂರ್ತಿ ಕೇಳಿ ಎರಡು ಪ್ರಶ್ನೆ ಹಾಕಿದರು. ಎರಡೂ ಸರಿಯಾದ ಪ್ರಶ್ನೆಗಳೇ.

ಕೊನೆಯಲ್ಲಿ ಒಂದು ತಪ್ಪೊಪ್ಪಿಗೆ. ಮೇಷ್ಟ್ರು ಕೊಟ್ಟ ಆ ಪುಸ್ತಕವನ್ನು ನಾನು ಶಾಲೆಗೆ ಹಿಂದಿರುಗಿಸಲೇ ಇಲ್ಲ. ಸುವರ್ಣ ಮಹೋತ್ಸವದ ದಿನ ಅದನ್ನೂ, ಜೊತೆಗೆ ಸಿಕ್ಕಷ್ಟು ಸ್ವಾಮಿಯವರ ಬೇರೆ ಪುಸ್ತಕಗಳನ್ನೂ ತಂದು ಲೈಬ್ರರಿಗೆ ಒಪ್ಪಿಸುತ್ತೇನೆ. ಈಗಿನ ಮೇಷ್ಟ್ರುಗಳಲ್ಲಿ ನನ್ನದೊಂದೇ ವಿನಂತಿ. ಬೀರುವಿಗೆ ಬೀಗ ಹಾಕಬೇಡಿ. ಹೊಲ ಕಪ್ಪಾದ ವರ್ಷ ಯಾವ ಮಗುವಿಗೆ ಯಾವ ಪುಸ್ತಕ ಬೇಕಾಗುತ್ತದೋ ಹೇಳಲಾಗದು. ಹಿಂದಿರುಗಿಸುವುದು ತಡವಾದರೂ ಬೈಯಬೇಡಿ.