ವೇಮುಲವಾಡದ ಅಣ್ಣತಮ್ಮಂದಿರು

ಹೊರದೇಶಗಳಲ್ಲಿ ನೆಲಸಿರುವ ಕನ್ನಡದ ಮಕ್ಕಳೇ,

ರಜೆಯ ದಿನಗಳಲ್ಲಿ ಅಜ್ಜ ಅಜ್ಜಿಯರನ್ನು ಕಾಣಲೆಂದು ಹೈದರಾಬಾದಿಗೆ ಬಂದಾಗ ನೀವು ಚಾರ್‌ಮಿನಾರನ್ನೂ ಗೋಲ್ಕೊಂಡದ ಕೋಟೆಯನ್ನೂ ನೋಡಿ ಸಂತೋಷಪಡುವುದು ಉಚಿತವೇ ಆಗಿದೆ. ಆದರೆ ಈ ನಗರದ ಉತ್ತರಕ್ಕೆ ಸುಮಾರು ೧೫೦ ಕಿಲೋಮೀಟರು ದೂರದಲ್ಲಿ, ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿರುವ ವೇಮುಲವಾಡವೆಂಬ ಚಿಕ್ಕ ಪಟ್ಟಣವು ಕನ್ನಡದ ಮಕ್ಕಳೆಲ್ಲರೂ ಒಮ್ಮೆಯಾದರೂ ಕಂಡುಬರಬೇಕಾದ ಪುಣ್ಯಭೂಮಿಯೆಂಬುದನ್ನು ನಿಮಗೆ ತಿಳಿಸುವುದೇ ಈ ಬರಹದ ಉದ್ದೇಶ.

ಹತ್ತನೆಯ ಶತಮಾನದಲ್ಲಿ ವೇಮುಲವಾಡವು ರಾಷ್ಟ್ರಕೂಟ ಚಕ್ರವರ್ತಿಗಳ ಸಾಮಂತರಾಗಿದ್ದ ಚಾಲುಕ್ಯವಂಶದ ಅರಸರಿಗೆ ರಾಜಧಾನಿಯಾಗಿದ್ದಿತು. ಆ ವಂಶದ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿ, ಕವಿಯೂ ಕಲಿಯೂ ಆಗಿ ಬಾಳಿದವನೇ ನಾವು ಆದಿಕವಿಯೆಂದು ಗೌರವಿಸುವ ಪಂಪ. ಜೈನರ ಪ್ರಥಮ ತೀರ್ಥಂಕರನಾದ ಆದಿನಾಥನ ಚರಿತೆಯಾದ ‘ಆದಿಪುರಾಣ’ವನ್ನೂ, ಮಹಾಭಾರತದ ಅರ್ಜುನನಲ್ಲಿ ತನ್ನ ಅರಸನನ್ನೇ ಕಂಡು ರಚಿಸಿದ ‘ವಿಕ್ರಮಾರ್ಜುನವಿಜಯ’ವನ್ನೂ ಆತನು ಕ್ರಿ.ಶ. ೯೪೧ರ ಸುಮಾರಿಗೆ ಪೂರೈಸಿದನು. ಒಂದನ್ನು ಮೂರು ತಿಂಗಳಲ್ಲಿಯೂ ಮತ್ತೊಂದನ್ನು ಆರು ತಿಂಗಳಲ್ಲಿಯೂ ಮುಗಿಸಿದೆನೆಂದು ಕವಿಯೇ ಹೇಳಿಕೊಂಡಿದ್ದಾನೆ. ಮೆಚ್ಚಿದ ಅರಸನು ಆತನಿಗೆ ಧರ್ಮವುರವೆಂಬ ಅಗ್ರಹಾರವನ್ನು ದತ್ತಿಯಾಗಿ ಕೊಟ್ಟನು.

ಪಂಪನ ಮನೆತನದ ವೃತ್ತಾಂತವು ನಿಮ್ಮಂಥ ಮಕ್ಕಳಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. ಆತನ ತಂದೆಯ ಕಡೆಯ ಹಿರಿಯರು ಇಂದಿನ ಆಂಧ್ರಪ್ರದೇಶದ ವೆಂಗಿನಾಡಿನವರು. ತಾಯಿ ಅಬ್ಬಣಬ್ಬೆಯು ಧಾರವಾಡದ ಸೀಮೆಗೆ ಸೇರಿದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಎರಡು ನಾಡುಗಳ ರಕ್ತವನ್ನು ಪಡೆದು, ಇಂದು ತೆಲುಗುನಾಡೆನಿಸಿದ ಸೀಮೆಯಲ್ಲಿ ನೆಲಸಿದ ಈ ಕವಿಯು, ಕನ್ನಡನಾಡಿನ ದೂರದ ಬನವಾಸಿಯನ್ನು ಹಾತೊರೆದು ನೆನೆದು, ತನ್ನ ಮಹಾಕಾವ್ಯದಲ್ಲಿ ಅದರ ಚೆಲುವನ್ನು ಬಣ್ಣಿಸಿದನು. ಊರಿನಿಂದ ದೂರವಿದ್ದು ಊರನ್ನು ನೆನೆಯುವ ಮನಸ್ಸು ನಿಮ್ಮ ತಾಯಿತಂದೆಯರಿಗೆ ಎಷ್ಟು ಪರಿಚಿತವೋ ಆದಿಕವಿಗೂ ಅಷ್ಟೇ ಪರಿಚಿತವಾಗಿದ್ದಿತು.

ಈ ಮನೆತನದ ವಿವರಗಳು ನಮಗೆ ದೊರೆತದ್ದು ಪಂಪನ ತಮ್ಮನಾದ ಜಿನವಲ್ಲಭನ ಕೃಪೆಯಿಂದ. ವೇಮುಲವಾಡಕ್ಕೆ ಸಮೀಪದಲ್ಲಿ, ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದ ಕುರಿಕ್ಯಾಲದ ಬಳಿ, ಊರವರು ಬೊಮ್ಮಲಗುಟ್ಟ ಎಂದು ಕರೆಯುವ ಬಂಡೆಯ ಗುಡ್ಡವೊಂದಿದೆ. ಅದರ ಕಡಿದಾದ ಮೈಮೇಲೆ ತೀರ್ಥಂಕರರನ್ನೂ ಆದಿನಾಥನ ಯಕ್ಷಿಯಾದ ಚಕ್ರೇಶ್ವರಿಯನ್ನೂ ಕೆತ್ತಿಸಿದ ಜಿನವಲ್ಲಭನು, ಆ ಮೂರ್ತಿಗಳ ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿ ಶಾಸನವನ್ನು ಬರೆಯಿಸಿ, ತನ್ನ ವಂಶವನ್ನೂ ಅಣ್ಣನ ಕೀರ್ತಿಯನ್ನೂ ಕಲ್ಲಿಗೆ ಒಪ್ಪಿಸಿದನು. ಇಲ್ಲಿ ಕಟ್ಟಿಸಿದ ಬಸದಿಗೆ ತ್ರಿಭುವನತಿಲಕವೆಂದೂ, ತೋಡಿಸಿದ ಕೆರೆಗೆ ಅಣ್ಣನ ಬಿರುದಾದ ಕವಿತಾಗುಣಾರ್ಣವವೆಂದೂ, ಬೆಳೆಯಿಸಿದ ಬನಕ್ಕೆ ಮದನವಿಲಾಸವೆಂದೂ ಹೆಸರು. ಶಾಸನದಲ್ಲಿರುವ ಮೂರು ತೆಲುಗು ಕಂದಪದ್ಯಗಳು, ತೆಲುಗಿನ ಆದಿಕವಿಯಾದ ನನ್ನಯನಿಗಿಂತ ಸುಮಾರು ಒಂದು ಶತಮಾನ ಹಿಂದಿನವು. ಕನ್ನಡದ ಆದಿಕವಿಯ ತಮ್ಮನು ತೆಲುಗು ಪದ್ಯದ ಅತಿ ಪ್ರಾಚೀನ ನಿದರ್ಶನವೊಂದನ್ನು ಉಳಿಸಿಕೊಟ್ಟನೆಂಬುದಕ್ಕಿಂತ ಮಿಗಿಲಾದ ಭಾಷಾಸೌಹಾರ್ದದ ಪಾಠವನ್ನು ನಾನು ಅರಿಯೆ. ಆ ಎರಡು ಭಾಷೆಗಳಿಗೂ ಭಾರತ ಸರಕಾರವು ಒಂದೇ ವರ್ಷ, ೨೦೦೮ರಲ್ಲಿ, ಶಾಸ್ತ್ರೀಯ ಭಾಷೆಯ ಸ್ಥಾನವನ್ನು ನೀಡಿತು.

ಇದೇ ಗಂಗಾಧರದಲ್ಲಿಯೇ ಜೈನಾಚಾರ್ಯನಾದ ಸೋಮದೇವಸೂರಿಯು ಕ್ರಿ.ಶ. ೯೫೯ರಲ್ಲಿ ಸಂಸ್ಕೃತದ ‘ಯಶಸ್ತಿಲಕ’ವನ್ನು ಮುಗಿಸಿದನು. ಇಂದಿನ ವೇಮುಲವಾಡವಾದರೋ ರಾಜರಾಜೇಶ್ವರನ ಕ್ಷೇತ್ರವೆಂದು ಪ್ರಸಿದ್ಧ. ಧರ್ಮಗುಂಡವೆಂಬ ಪುಷ್ಕರಿಣಿಯಲ್ಲಿ ಮಿಂದ ರೈತರು ಹರಕೆಯ ಎತ್ತನ್ನು ಹಗ್ಗ ಹಿಡಿದು ದೇವಾಲಯಕ್ಕೆ ಪ್ರದಕ್ಷಿಣೆ ಮಾಡಿಸುವ ‘ಕೋಡೆ ಮೊಕ್ಕು’ ಇಲ್ಲಿಯ ವಿಶಿಷ್ಟ ಸೇವೆ. ದೇವಾಲಯದ ಆವರಣದಲ್ಲಿಯೇ ಒಂದು ದರ್ಗಾ ಇರುವುದರಿಂದ ಹಿಂದೂ ಮುಸಲ್ಮಾನರಿಬ್ಬರೂ ಅಲ್ಲಿ ಕೈಮುಗಿಯುತ್ತಾರೆ.

ಮಕ್ಕಳೇ, ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಒಂದು ನುಡಿ, ನೆರೆಹೊರೆಯಲ್ಲಿ ಮತ್ತೊಂದು ನುಡಿ ಎಂದು ನೀವು ಎಂದೂ ಕುಗ್ಗಬೇಡಿರಿ. ಮೂರು ನುಡಿಗಳ ನಡುವೆ ಬಾಳಿದ ಮನೆಯೇ ಕನ್ನಡಕ್ಕೆ ಪಂಪನನ್ನು ಕೊಟ್ಟಿತು. ಮುಂದಿನ ಸಲ ಬಂದಾಗ ಹಿರಿಯರನ್ನು ಕರೆದುಕೊಂಡು ಬೊಮ್ಮಲಗುಟ್ಟಕ್ಕೆ ಹೋಗಿರಿ. ಅಕ್ಷರಗಳು ಸ್ಪಷ್ಟವಾಗಲೆಂದು ಸೀಮೆಸುಣ್ಣವನ್ನು ಉಜ್ಜದೆ, ಬಂಡೆಯ ಮೇಲೆ ಹೆಸರು ಗೀಚದೆ, ಕಣ್ಣಿನಿಂದಲೇ ಓದಲು ಯತ್ನಿಸಿರಿ. ಕರೀಂನಗರದ ಸೀಮೆಯು ಗ್ರಾನೈಟ್ ಗಣಿಗಳಿಗೆ ಹೆಸರಾದುದರಿಂದ, ಇಂಥ ಬಂಡೆಗಳ ರಕ್ಷಣೆಗಾಗಿ ಬಲ್ಲವರೆಲ್ಲರೂ ದನಿಯೆತ್ತುವುದು ಅವಶ್ಯ. ನೀವು ಕಂಡದ್ದನ್ನು ಕನ್ನಡದಲ್ಲಿಯೇ ಬರೆದು ನಮ್ಮ ಸಂಚಿಕೆಗೆ ಕಳುಹಿಸಿಕೊಡಿರಿ.