ಎರಡು ಜೊತೆ ಕೈಗವಸು

ಮಕ್ಕಳೇ, ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವಾಗ ವೈದ್ಯರೂ ನರ್ಸ್‌ಗಳೂ ತೆಳುವಾದ ರಬ್ಬರ್ ಕೈಗವಸು ತೊಡುವುದನ್ನು ನೀವು ನೋಡಿರಬಹುದು. ಏಕೆ ಎಂದು ಕೇಳಿದರೆ, ರೋಗಾಣುಗಳು ಗಾಯಕ್ಕೆ ಸೇರದಿರಲಿ ಎಂದು ಥಟ್ಟನೆ ಹೇಳುತ್ತೀರಿ. ಉತ್ತರ ಸರಿ. ಆದರೆ ಅಮೆರಿಕದ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದಕ್ಕೆ ಇಂಥ ಕೈಗವಸು ಮೊದಲು ಬಂದದ್ದು ಆ ಕಾರಣಕ್ಕಲ್ಲ. ಒಬ್ಬ ನರ್ಸ್‌ನ ಕೈಗಳನ್ನು ಕಾಪಾಡುವುದಕ್ಕೆ! ಆಕೆಯ ಹೆಸರು ಕ್ಯಾರೊಲಿನ್ ಹ್ಯಾಂಪ್ಟನ್.

ಕ್ಯಾರೊಲಿನ್ ಹುಟ್ಟಿದ್ದು 1861ರಲ್ಲಿ, ದಕ್ಷಿಣ ಕ್ಯಾರೊಲಿನಾದಲ್ಲಿ. ಮನೆತನ ಬಹಳ ಶ್ರೀಮಂತವಾದದ್ದು. ಆ ಸಿರಿ ಬೆಳೆದದ್ದು ಗುಲಾಮರ ದುಡಿಮೆಯಿಂದ ಎಂಬುದನ್ನೂ ಇಲ್ಲಿ ಹೇಳಬೇಕು. ಅದೇ ವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ, 1862ರಲ್ಲಿ, ತಾಯಿ ತೀರಿಕೊಂಡರು. 1863ರಲ್ಲಿ ತಂದೆ ಯುದ್ಧದಲ್ಲಿ ಮಡಿದರು. 1865ರಲ್ಲಿ ಮನೆತನದ ದೊಡ್ಡ ಮನೆ ಬೆಂಕಿಗೆ ಆಹುತಿಯಾಯಿತು. ಅನಾಥಳಾದ ಹುಡುಗಿಯನ್ನು ಸೋದರತ್ತೆಯರು ಸಾಕಿದರು.

ಬೆಳೆದ ಕ್ಯಾರೊಲಿನ್ ನರ್ಸ್ ಆಗುತ್ತೇನೆಂದಾಗ ಅತ್ತೆಯರಿಗೆ ಅದು ಹಿಡಿಸಲಿಲ್ಲ. ಆದರೂ ಆಕೆ 1885ರಲ್ಲಿ ನ್ಯೂಯಾರ್ಕಿಗೆ ಹೋಗಿ ತರಬೇತಿಗೆ ಸೇರಿ, 1888ರಲ್ಲಿ ಮುಗಿಸಿದಳು. ಮರುವರ್ಷ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿನ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಅವರ ಆಪರೇಷನ್ ಕೊಠಡಿಗೆ ಕ್ಯಾರೊಲಿನ್ ಮುಖ್ಯ ನರ್ಸ್ ಆದಳು.

ಆ ಕೊಠಡಿಯಲ್ಲಿ ಕೈ ತೊಳೆಯುವುದೇ ಒಂದು ದೊಡ್ಡ ಕೆಲಸ. ಮೊದಲು ಸೋಪು. ಆಮೇಲೆ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ. ಇದು ಚರ್ಮಕ್ಕೆ ಕಂದು ಕಲೆ ಹಿಡಿಸುತ್ತದೆ. ಅದನ್ನು ತೆಗೆಯಲು ಬಿಸಿಯಾದ ಆಕ್ಸಾಲಿಕ್ ಆಮ್ಲ. ಕೊನೆಗೆ ಮರ್ಕ್ಯುರಿಕ್ ಕ್ಲೋರೈಡ್, ಅಂದರೆ ಪಾದರಸದ ವಿಷಕಾರಿ ಲವಣದ ದ್ರಾವಣ. (ಇವುಗಳಲ್ಲಿ ಯಾವುದನ್ನೂ ನೀವು ಮುಟ್ಟಿ ನೋಡಬೇಡಿ!) ರೋಗಾಣುವನ್ನು ಕೊಲ್ಲುವ ರಾಸಾಯನಿಕ ಚರ್ಮದ ಜೀವಕೋಶಗಳಿಗೂ ಹಾನಿ ಮಾಡುತ್ತದೆ. ದಿನವೂ ಹೀಗೆ ತೊಳೆದು ತೊಳೆದು ಕ್ಯಾರೊಲಿನ್‌ಳ ಕೈಗಳ ಚರ್ಮ ಕೆರಳಿ, ಇಸುಬು ಎದ್ದಿತು. ತೊಳೆಯದೆ ಕೊಠಡಿಯೊಳಗೆ ನಿಲ್ಲುವಂತಿಲ್ಲ. ತೊಳೆದರೆ ಕೈ ಉಳಿಯುವುದಿಲ್ಲ. ಅತ್ತೆಯರ ಮಾತು ಮೀರಿ ಕಲಿತ ಕೆಲಸವನ್ನೇ ಬಿಡುವ ಪರಿಸ್ಥಿತಿ.

ಹಾಲ್‌ಸ್ಟೆಡ್‌ರಿಗೆ ಆಕೆಯ ಜಾಣ್ಮೆ ತುಂಬ ಮೆಚ್ಚುಗೆಯಾಗಿತ್ತು. 1889–90ರ ಚಳಿಗಾಲದಲ್ಲಿ ಅವರು ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ, ಪ್ರಯೋಗಕ್ಕೆಂದು ಎರಡು ಜೊತೆ ತೆಳುವಾದ ಕೈಗವಸು ಮಾಡಿಸಿದರು. ಎರಡೇ ಜೊತೆ. ಕೈಗಳಿಗೆ ರಕ್ಷಣೆ ಸಿಕ್ಕಿತು. ಇನ್ನಷ್ಟು ತರಿಸಿದರು.

ಉಪಕರಣಗಳನ್ನು ಕಾರ್ಬಾಲಿಕ್ ಆಮ್ಲದಿಂದ ಎತ್ತಿಕೊಡುವ ಸಹಾಯಕರೂ ಅವನ್ನು ತೊಟ್ಟರು. ರೂಢಿಯಾದ ಮೇಲೆ ಬರಿಗೈಯಲ್ಲಿ ಕೆಲಸ ಮಾಡುವುದೇ ಅವರಿಗೆ ಕಷ್ಟವೆನಿಸತೊಡಗಿತು. ವಿಚಿತ್ರವೆಂದರೆ, ಕತ್ತಿ ಹಿಡಿಯುವ ವೈದ್ಯರು ಮಾತ್ರ ಹೆಚ್ಚಾಗಿ ಬರಿಗೈಯಲ್ಲೇ ಇದ್ದರು! ಎಷ್ಟು ತೊಳೆದರೂ ಬೆವರು ಗ್ರಂಥಿ, ಕೂದಲ ಬುಡಗಳಲ್ಲಿ ಸೂಕ್ಷ್ಮಜೀವಿಗಳು ಉಳಿಯುತ್ತವೆ. ಕೈಗವಸು ಅವುಗಳಿಗೂ ತಡೆ ಎಂಬುದು ಕಣ್ಣೆದುರಿಗಿದ್ದರೂ ಹೊಳೆಯಲು ವರ್ಷಗಳು ಹಿಡಿದವು. ಹಾಲ್‌ಸ್ಟೆಡ್‌ರ ಶಿಷ್ಯ ಜೋಸೆಫ್ ಬ್ಲಡ್‌ಗುಡ್ ಪ್ರತಿ ಆಪರೇಷನ್ನಿನಲ್ಲೂ ಅದನ್ನು ತೊಟ್ಟು, ಲೆಕ್ಕವಿಟ್ಟು, 1899ರಲ್ಲಿ 450ಕ್ಕೂ ಹೆಚ್ಚು ಹರ್ನಿಯಾ ಆಪರೇಷನ್‌ಗಳ ವರದಿ ಪ್ರಕಟಿಸಿದರು. ಗಾಯ ಕೀವುಗಟ್ಟುವುದು ಬಹಳ ಕಡಿಮೆಯಾಗಿತ್ತು. ಇದು ಮೊದಲೇ ಏಕೆ ಹೊಳೆಯಲಿಲ್ಲವೋ ಎಂದು ಹಾಲ್‌ಸ್ಟೆಡ್ ಆಮೇಲೆ ತಾವೇ ಅಚ್ಚರಿಪಟ್ಟರು.

ಆ ಹೊತ್ತಿಗೆ ಕ್ಯಾರೊಲಿನ್ ಆ ಕೊಠಡಿಯಲ್ಲಿ ಇರಲಿಲ್ಲ. 1890ರ ಜೂನ್ 4ರಂದು ಹಾಲ್‌ಸ್ಟೆಡ್‌ರನ್ನು ಮದುವೆಯಾಗಿ ಆಕೆ ನರ್ಸ್ ಕೆಲಸ ಬಿಟ್ಟಿದ್ದಳು. ಕೈ ಉಳಿಯಿತು, ಕೆಲಸ ಉಳಿಯಲಿಲ್ಲ. ನನಗೇನೋ ಇದು ಬೇಸರದ ಸಂಗತಿ, ನಿಮಗೆ ಏನನಿಸುತ್ತದೆ? ಉತ್ತರ ಕ್ಯಾರೊಲಿನಾದ ಬೆಟ್ಟಗಳಲ್ಲಿದ್ದ ಅವರ ತೋಟದ ಮನೆಯಲ್ಲಿ ಗಂಡನಿಗೆ ಡೇಲಿಯಾ ಹೂಗಳ ಹುಚ್ಚು, ಆಕೆಗೆ ಕುದುರೆ, ನಾಯಿಗಳ ಹುಚ್ಚು. ಹಾಲ್‌ಸ್ಟೆಡ್ 1922ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಕ್ಯಾರೊಲಿನ್ ಕೂಡ.