ಒಂದು ಊಟ, ಸಾವಿರ ಹೊನ್ನು

ಚೀನೀ ಭಾಷೆಯಲ್ಲಿ ನಾಲ್ಕೇ ಅಕ್ಷರಗಳ ನಾಣ್ಣುಡಿಗಳು ಹೇರಳವಾಗಿವೆ. ಯಿ ಫಾನ್ ಚಿಯನ್ ಜಿನ್ ಎಂಬುದು ಅವುಗಳಲ್ಲೊಂದು. ಒಂದು, ಊಟ, ಸಾವಿರ, ಹೊನ್ನು ಎಂಬುದೇ ಅದರ ಪದಶಃ ಅರ್ಥ. ಕಷ್ಟಕಾಲದಲ್ಲಿ ದೊರೆತ ಅಲ್ಪ ಉಪಕಾರವನ್ನು ಮರೆಯದೆ ಹಿರಿದಾಗಿ ತೀರಿಸುವುದಕ್ಕೆ ಹೀಗೆನ್ನುವರು. ಅನ್ನವನ್ನರಸಿ ಊರು ಬಿಟ್ಟು ಬಂದು, ಪರರಿಗೆ ಅನ್ನ ಬಡಿಸುತ್ತಿರುವ ನಮ್ಮ ವಾಚಕರಿಗೆ ಈ ಮಾತಿನ ಮೂಲಪುರುಷನಾದ ಹಾನ್ ಶಿನ್ ಎಂಬ ಸೇನಾನಿಯ ಚರಿತ್ರೆಯು ರುಚಿಸದಿರದು.

ಸುಮಾರು 2200 ವರ್ಷಗಳ ಹಿಂದೆ ಪೂರ್ವ ಚೀನದ ಹ್ವಾಯ್‌ಯಿನ್ ಎಂಬಲ್ಲಿ ಹಾನ್ ಶಿನ್ ಕಡುಬಡವನಾಗಿದ್ದನು. ಉದ್ಯೋಗವಿಲ್ಲ, ವ್ಯಾಪಾರ ತಿಳಿಯದು; ಪರರ ಮನೆಯ ಊಟವೇ ಗತಿ. ಗ್ರಾಮಾಧಿಕಾರಿಯೊಬ್ಬನ ಮನೆಯಲ್ಲಿ ಕೆಲವು ತಿಂಗಳು ಉಂಡನು. ಬೇಸತ್ತ ಗೃಹಿಣಿಯು ಒಂದು ದಿನ ನಸುಕಿನಲ್ಲಿಯೇ ಅಡಿಗೆ ಮಾಡಿ ಮನೆಯವರ ಊಟವನ್ನು ಮುಗಿಸಿಬಿಟ್ಟಳು. ಹೊತ್ತಿಗೆ ಸರಿಯಾಗಿ ಬಂದವನಿಗೆ ಬಡಿಸುವವರಿರಲಿಲ್ಲ. ಇಂಗಿತವನ್ನರಿತ ಆತನು ಮತ್ತೆ ಆ ಹೊಸಿಲನ್ನು ತುಳಿಯಲಿಲ್ಲ.

ಅನಂತರ ಊರಿನ ಕೋಟೆಯ ಬಳಿ ಮೀನು ಹಿಡಿಯಲೆಂದು ಗಾಳ ಹಾಕಿ ಕುಳಿತನು. ಅಲ್ಲಿ ರೇಷ್ಮೆಯ ನಾರನ್ನು ತೊಳೆಯುತ್ತಿದ್ದ ಮುದುಕಿಯೊಬ್ಬಳು ಅವನ ಹಸಿವನ್ನು ಕಂಡು ಮರುಗಿ, ತನ್ನ ಕೆಲಸ ಮುಗಿಯುವ ತನಕ ಹಲವು ವಾರ ಉಣಲಿಕ್ಕಿದಳು. ಮುಂದೆ ಈ ಋಣವನ್ನು ತೀರಿಸುವೆನೆಂದು ಆತನು ಹೇಳಿದಾಗ ಆಕೆ ಸಿಟ್ಟಾದಳು; ಪ್ರತಿಫಲಕ್ಕಾಗಿ ತಾನು ಅನ್ನವಿಕ್ಕಲಿಲ್ಲವೆಂದು ಗದರಿದಳು.

ಮುಂದೆ ಹಾನ್ ಶಿನ್ ಸೈನ್ಯವನ್ನು ಸೇರಿ, ಲ್ಯೂ ಬಾಂಗ್ ಎಂಬ ದೊರೆಯ ಸೇನಾಪತಿಯಾದನು. ಕ್ರಿ.ಪೂ. 204ರಲ್ಲಿ ಜಿಂಗ್‌ಶಿಂಗ್, 202ರಲ್ಲಿ ಗಾಯ್‌ಶ್ಯಾ ಕದನಗಳನ್ನು ಗೆದ್ದನು. ಲ್ಯೂ ಬಾಂಗ್ ಚಕ್ರವರ್ತಿಯಾದನು. ಹಾನ್ ಶಿನ್‌ನಿಗೆ ಚೂ ಪ್ರಾಂತದ ಅರಸುತನ ದೊರೆಯಿತು. ಅರಸನು ಆ ಮುದುಕಿಯನ್ನು ಕರೆಸಿ ಸಾವಿರ ಹೊನ್ನನ್ನಿತ್ತನು. ಗ್ರಾಮಾಧಿಕಾರಿಗೆ ಸಂದುದು ನೂರು ಕಾಸು ಮಾತ್ರ. ಕೈಗೊಂಡ ಉಪಕಾರವನ್ನು ನಡುವೆಯೇ ಕೈಬಿಟ್ಟನೆಂಬುದೇ ಅದಕ್ಕೆ ಕಾರಣ.

ಅನ್ನದ ಋಣವೇ ಈ ವೀರನನ್ನು ಕಟ್ಟಿಹಾಕಿತ್ತೆಂದರೂ ಸಲ್ಲುವುದು. ಕ್ರಿ.ಪೂ. 203ರಲ್ಲಿ ಆತನ ಬಲವು ಉತ್ತುಂಗದಲ್ಲಿದ್ದಾಗ, ದೊರೆಯನ್ನು ತೊರೆದು ಸ್ವತಂತ್ರನಾಗೆಂದು ಬುದ್ಧಿ ಹೇಳಿದವರಿದ್ದರು. ತನ್ನ ಉಡುಪನ್ನು ಉಡಿಸಿ, ತನ್ನ ಊಟವನ್ನು ಉಣಿಸಿದ ದೊರೆಗೆ ಎರಡು ಬಗೆಯಲಾರೆನೆಂದು ಹಾನ್ ಶಿನ್ ಒಪ್ಪಲಿಲ್ಲ. ಆ ದೊರೆಯೇ 201ರಲ್ಲಿ ಅವನ ಅರಸುತನವನ್ನು ಕಸಿದುಕೊಂಡನು. 196ರಲ್ಲಿ ರಾಜದ್ರೋಹದ ಆಪಾದನೆ ಹೊರಿಸಿ ಪಟ್ಟದರಾಣಿಯು ಅವನನ್ನು ಕೊಲ್ಲಿಸಿದಳು.

ಈ ವೃತ್ತಾಂತವನ್ನು ಬರೆದಿಟ್ಟವನು ಸಿಮಾ ಚಿಯನ್ ಎಂಬ ಇತಿಹಾಸಕಾರನು. ಚಕ್ರವರ್ತಿಯ ಚರಿತ್ರೆಯನ್ನೂ ರಾಣಿಯ ಚರಿತ್ರೆಯನ್ನೂ ಆತನು ದಾಖಲಿಸಿದನು. ಮುದುಕಿಯ ಹೆಸರು ಮಾತ್ರ ಅಲ್ಲಿಲ್ಲ. ಆದರೂ ಚೀನೀಯರು ಇಂದಿಗೂ ನೆನೆಯುವುದು ಆಕೆಯ ಅನ್ನವನ್ನು. ಹಸಿದವನಿಗಿಕ್ಕಿದ ತುತ್ತಿನ ಬೆಲೆಯು ಗಲ್ಲಾಪೆಟ್ಟಿಗೆಯ ಲೆಕ್ಕಕ್ಕೆ ಸಿಗುವಂಥದಲ್ಲ.